ನನ್ನ ದನಿ ಹೊತ್ತ ಆಟೋ

ಮೊನ್ನೆ ಒಂದು ಆಹ್ವಾನ ಪತ್ರಿಕೆ ಬಂತು. ಯಳಂದೂರಿನಲ್ಲಿ ಯಾವುದೋ ಸಂಘದ ವಾರ್ಷಿಕೋತ್ಸವ. ಅತಿಥಿಗಳ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ನನ್ನದು. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ರೇಡಿಯೋ ವಿಜ್ಞಾನಿ, ಮಾಜಿ ಪಿಟೀಲು ವಾದಕಿ’ ಎಂದು ಅಚ್ಚಾಗಿತ್ತು. ನನ್ನ ಮೇಲೆ ಒಬ್ಬ ಮಾಜಿ ಅಧ್ಯಕ್ಷರು, ಕೆಳಗೆ ಒಬ್ಬ ಮಾಜಿ ಸದಸ್ಯರು. ಅವರಿಬ್ಬರೂ ಚುನಾವಣೆಯಲ್ಲಿ ಸೋತು ಮಾಜಿಗಳಾದವರು. ನಾನು ಯಾವ ಚುನಾವಣೆಯಲ್ಲಿ ಸೋತೆ, ನೀವೇ ಹೇಳಿ? ಪಿಟೀಲಿಗೆ ರಾಜೀನಾಮೆ ಪತ್ರ ಬರೆದುಕೊಟ್ಟ ನೆನಪು ನನಗಂತೂ ಇಲ್ಲ.

‘ರೇಡಿಯೋ ವಿಜ್ಞಾನಿ’ ಎಂಬುದನ್ನು ಓದಿದಾಗಲೂ ಮೈ ಉರಿಯಿತು. ರೇಡಿಯೋದಲ್ಲಿ ಅಡುಗೆ ಹೇಳುವವರಿಗೆ ‘ರೇಡಿಯೋ ಅಡುಗೆಯವರು’ ಎನ್ನುತ್ತಾರೆಯೇ? ಭೌತಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿ, ಇಪ್ಪತ್ತೇಳು ವರ್ಷ ಕೊಳ್ಳೇಗಾಲದಲ್ಲಿ ಮಕ್ಕಳಿಗೆ ಬೆಳಕು, ಶಬ್ದ, ಉಷ್ಣ ಎಂದು ಗಂಟಲು ಹರಿದುಕೊಂಡವಳು ನಾನು. ಆದರೆ ವಿಜ್ಞಾನದ ಸಭೆಗೆ ಹೋದರೆ ‘ಇವರು ಬಹಳ ಚೆನ್ನಾಗಿ ಪಿಟೀಲು ನುಡಿಸ್ತಿದ್ರಂತೆ’ ಎನ್ನುತ್ತಾರೆ. ಸಂಗೀತದ ಸಭೆಗೆ ಹೋದರೆ ‘ಇವರು ಸೈನ್ಸ್ ಮೇಡಂ, ಮೈಕು ಕೈಕೊಟ್ರೆ ನೋಡ್ತಾರೆ’ ಎಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಎರಡು ಮನೆಯ ನೆಂಟ ಉಪವಾಸ ಸತ್ತನಂತೆ. ನನ್ನ ಪಾಡೂ ಅದೇ.

ಸಂಗೀತವಾಗಲಿ ಭೌತಶಾಸ್ತ್ರವಾಗಲಿ ನಾನು ಹುಡುಕಿಕೊಂಡು ಹೋದದ್ದಲ್ಲ. ನಮ್ಮದು ಕೊಳ್ಳೇಗಾಲದ ರೇಷ್ಮೆ ನೇಯುವ ಮನೆ. ಅಪ್ಪನ ಗುಂಡಿಮಗ್ಗ ನಡುಮನೆಯಲ್ಲೇ ಇತ್ತು. ನಾವು ಮಕ್ಕಳು ಅದರ ಸುತ್ತ ಉಂಡು, ಅದರ ಪಕ್ಕ ಮಲಗಿ, ಅದರ ಸದ್ದಿನಲ್ಲೇ ಮಗ್ಗಿ ಕಲಿತೆವು. ಹಾಸು ಹೂಡಿದ ದಿನ ಅಪ್ಪ ಎಳೆಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಮೀಟಿ, ಕಿವಿ ಬಾಗಿಸಿ ಕೇಳುತ್ತಿದ್ದರು. ಬಿಗಿ ಕಡಿಮೆಯಾದ ಕಡೆ ಸದ್ದು ಮಂದ, ಹೆಚ್ಚಾದ ಕಡೆ ಚುರುಕು. ‘ಇಲ್ಲಿ ಅಳ್ತಾ ಅದೆ ನೋಡು’ ಎನ್ನುತ್ತಿದ್ದರು. ನಾನು ಆರು ವರ್ಷದವಳಿದ್ದಾಗ ಹಾಗೆಯೇ ಮೀಟಲು ಹೋಗಿ ಎಂಟು ಎಳೆ ಹರಿದೆ. ಅಪ್ಪ ಬೈಯಲಿಲ್ಲ. ಅಮ್ಮ ಮಾತ್ರ ‘ಇವಳಿಗೆ ಮೀಟಕ್ಕೆ ಬೇರೆ ಏನಾದ್ರೂ ತಂದ್ಕೊಡಿ, ಇಲ್ದಿದ್ರೆ ನಮ್ಮನ್ನ ಬೀದಿಗೆ ತರ್ತಾಳೆ’ ಎಂದರು. ಹೀಗೆ ಮಗ್ಗವನ್ನು ಉಳಿಸುವ ಸಲುವಾಗಿ ನಮ್ಮ ಮನೆಗೆ ಪಿಟೀಲು ಬಂತು. ಕಲೆಯ ಸೇವೆ ಇತ್ಯಾದಿ ಮಾತುಗಳನ್ನು ನಾನು ವೇದಿಕೆಯಲ್ಲಿ ಆಡುವುದಿಲ್ಲ. ಆಡುವವರನ್ನು ನಂಬುವುದೂ ಇಲ್ಲ.

ಹದಿನೆಂಟಕ್ಕೆ ಒಂದು ಆರ್ಕೆಸ್ಟ್ರಾ ಸೇರಿದೆ. ಇಡೀ ತಂಡಕ್ಕೆ ನಾನೊಬ್ಬಳೇ ಹುಡುಗಿ. ಅದಕ್ಕೆಂದೇ ಅಪ್ಪ ಪ್ರತಿ ಕಾರ್ಯಕ್ರಮಕ್ಕೂ ಜೊತೆಗೆ ಬಂದು, ಡ್ರಮ್ಮಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಹನೂರಿನಲ್ಲಿ ಒಂದು ಮದುವೆ. ಅರ್ಧ ಊಟ ಮುಗಿದಿದೆ. ನನ್ನ ಒಂಟಿ ವಾದನ ಶುರುವಾಗಬೇಕು. ಬಿಲ್ಲು ತಂತಿಗೆ ತಾಗಿತೋ ಇಲ್ಲವೋ, ಮೈಕು ‘ಕುಂಯ್’ ಎಂದು ಕಿರುಚಿತು. ಎಲೆ ಮುಂದೆ ಕೂತವರು ಕೈಬಿಟ್ಟು ಕಿವಿ ಮುಚ್ಚಿಕೊಂಡರು. ನಿಲ್ಲಿಸಿದೆ, ಅದೂ ನಿಂತಿತು. ಮತ್ತೆ ಶುರುಮಾಡಿದೆ, ಮತ್ತೆ ಕಿರುಚಿತು.

ಮೈಕ್‌ಸೆಟ್ಟಿನವನು ಓಡಿಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ದೃಷ್ಟಿ ಕಣಮ್ಮ. ಹೆಣ್ಣುಡುಗಿ ಬಾರಿಸ್ತಾ ಅವ್ಳೆ ಅಂತ ಎಲ್ಲಾ ನೋಡ್ತಾ ಅವ್ರೆ. ಮೈಕ್ ತಡಕೊಳ್ಳಲ್ಲ’ ಎಂದ. ಅಡುಗೆಮನೆಯಿಂದ ನಿಂಬೆಹಣ್ಣು ತಂದು ಸ್ಪೀಕರಿಗೆ ಕಟ್ಟಿದ. ಕಟ್ಟುವ ಭರದಲ್ಲಿ ಸ್ಪೀಕರು ಸ್ವಲ್ಪ ಗೋಡೆಯ ಕಡೆ ತಿರುಗಿತು. ಆಮೇಲೆ ಕಿರುಚಲಿಲ್ಲ. ‘ನೋಡ್ದ್ಯಾ?’ ಎಂದು ಮೀಸೆ ತಿರುವಿದ.

ಆ ಸಿಟ್ಟು ಇವತ್ತಿಗೂ ನನ್ನಲ್ಲಿ ಆರಿಲ್ಲ. ನಿಂಬೆಹಣ್ಣಿನ ಮೇಲಲ್ಲ, ಅದು ಪಾಪ, ಚಿತ್ರಾನ್ನಕ್ಕೆ ಹೋಗಬೇಕಾದದ್ದು. ತಪ್ಪು ನನ್ನದು ಎಂದು ಸಭೆಯ ಮುಂದೆ ತೀರ್ಮಾನವಾಯಿತಲ್ಲ, ಅದಕ್ಕೆ ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲವಲ್ಲ, ಆ ಸಿಟ್ಟು. ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮೈಕಿನದು ಮತ್ತೆ ಸ್ಪೀಕರಿಗೆ ಹೋಗಿ, ಸುತ್ತಿ ಸುತ್ತಿ ಬೆಳೆಯುತ್ತದೆ ಎಂದು ಪುಸ್ತಕದಲ್ಲಿ ಓದಿ ತಿಳಿಯುವ ಹೊತ್ತಿಗೆ ಆ ಮದುಮಕ್ಕಳಿಗೆ ಮಗು ಹುಟ್ಟಿತ್ತು. ಆದರೆ ಅಷ್ಟರಲ್ಲಿ ನನಗೆ ಭೌತಶಾಸ್ತ್ರದ ಹುಚ್ಚು ಹಿಡಿದಿತ್ತು. ಆರ್ಕೆಸ್ಟ್ರಾ ಬಿಟ್ಟೆ, ಮೈಸೂರಿಗೆ ಹೋದೆ, ಓದಿದೆ, ವಾಪಸು ಬಂದೆ. ಪಿಟೀಲು ಹಳೆಯ ರೇಷ್ಮೆ ತುಂಡಿನಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿತು.

ರೇಡಿಯೋಕ್ಕೆ ಬಂದದ್ದು ಆರು ವರ್ಷದ ಹಿಂದೆ. ನಮ್ಮ ಕಡೆ ಒಂದು ಸಣ್ಣ ಸಮುದಾಯ ಬಾನುಲಿ ಶುರುವಾಯಿತು. ಸ್ಟುಡಿಯೋ ಎಂದರೆ ಒಂದು ಕೋಣೆ, ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದೆ. ಬೇಸಿಗೆಯಲ್ಲಿ ಅಲ್ಲಿ ಕೂತು ಮಾತಾಡುವುದೆಂದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಅದರ ವ್ಯವಸ್ಥಾಪಕರು ಶಿವಸ್ವಾಮಿ. ಒಳ್ಳೆಯವರು, ಆದರೆ ಗಲಾಟೆ ಎಂದರೆ ಭಯ. ‘ವಾರಕ್ಕೆ ಅರ್ಧ ಗಂಟೆ ಏನಾದ್ರೂ ಮಾಡಿ ಮೇಡಂ. ಸೈನ್ಸ್ ಜಾಸ್ತಿ ಬೇಡ. ಮಧ್ಯೆ ಮಧ್ಯೆ ಹಾಡು ಹಾಕೋಣ’ ಎಂದರು. ‘ಹಾಡು ಬೇಡ, ಫೋನು ಹಾಕಿ’ ಎಂದೆ. ಬುಧವಾರದ ಆ ಕಾರ್ಯಕ್ರಮಕ್ಕೆ ‘ಯಾಕೆ ಹಿಂಗೆ?’ ಎಂದು ಹೆಸರಿಟ್ಟೆ. ಹಳ್ಳಿಯವರಿಗೆ ವಿಜ್ಞಾನ ಹತ್ತುವುದಿಲ್ಲ ಎಂದು ಹೇಳುವ ಪಂಡಿತರನ್ನು ನನ್ನ ಸ್ಟುಡಿಯೋದಲ್ಲಿ ಒಂದು ಬುಧವಾರ ಕೂರಿಸಬೇಕು. ಬರುವ ಪ್ರಶ್ನೆಗಳಿಗೆ ಉತ್ತರ ಹೇಳಲಾಗದೆ, ಆ ಸೆಖೆಯಲ್ಲಿ ಬೆವರಿ ಆಚೆ ಬಂದರೆ ಆಗ ಮಾತಾಡಲಿ.

ಮೊದಲನೆಯ ವಾರವೇ ಫೋನು ಮಾಡಿದವರು ಮಾಂಬಳ್ಳಿಯ ಮಾದಯ್ಯ. ಅರವತ್ತು ದಾಟಿದ ರೈತರು. ಗದ್ದೆ ಬದುವಿನಲ್ಲಿ ನಿಂತು ಮಾತಾಡುತ್ತಿದ್ದರು, ಹಿಂದೆ ನೀರು ಹರಿಯುವ ಸದ್ದು ಕೇಳುತ್ತಿತ್ತು.

‘ಮೇಡಮ್ಮೋರೆ, ಒಂದು ಕೇಳ್ಲಾ? ನಾನು ಬಾವಿ ಒಳಿಕ್ಕೆ ಕಲ್ಲು ಎಸೀತೀನಿ. ಕಲ್ಲು ನೀರಿಗೆ ಬಿದ್ದುದ್ದು ಮೊದ್ಲು ಕಾಣ್ತದೆ, ಆಮೇಕೆ ಸದ್ದು ಬತ್ತದೆ. ಯಾಕ್ ಇಂಗೆ?’

ಇಡೀ ವರ್ಷ ಪಾಠ ಕೇಳಿದ ಮಕ್ಕಳು ಕೇಳದ ಪ್ರಶ್ನೆ ಇದು. ಅಂದಿನಿಂದ ಪ್ರತಿ ಬುಧವಾರ ಮಾದಯ್ಯನವರ ಫೋನು ತಪ್ಪಲಿಲ್ಲ. ಮೋಡ ಅಷ್ಟೊಂದು ನೀರು ಹೊತ್ತೂ ಯಾಕೆ ಬೀಳುವುದಿಲ್ಲ? ಎಮ್ಮೆಯ ಮೈಮೇಲೆ ಇಬ್ಬನಿ ಕೂರುವುದಿಲ್ಲ, ಹುಲ್ಲಿನ ಮೇಲೆ ಯಾಕೆ ಕೂರುತ್ತದೆ? ಉತ್ತರ ಹೇಳಿದ ಮೇಲೆ ‘ಸರಿ, ಒಪ್ದಿ’ ಎನ್ನುತ್ತಿದ್ದರು. ಒಪ್ಪದಿದ್ದರೆ ‘ಇದ್ಯಾಕೋ ಗಂಟ್ಲಲ್ಲಿ ಇಳೀಲಿಲ್ಲ, ಇನ್ನೊಂದ್ಸಲ ಏಳಿ’ ಎನ್ನುತ್ತಿದ್ದರು. ನನ್ನ ಪ್ರಬಂಧ ಪರೀಕ್ಷೆ ಮಾಡಿದ ಪ್ರೊಫೆಸರರೂ ನನ್ನನ್ನು ಅಷ್ಟು ಸರಿಯಾಗಿ ಪರೀಕ್ಷಿಸಿರಲಿಲ್ಲ.

ಕಳೆದ ವರ್ಷ ಒಂದು ವಾರ ಅನುರಣನದ ವಿಷಯ ತೆಗೆದುಕೊಂಡೆ. ಒಂದು ಪಿಟೀಲು ನುಡಿದರೆ ಪಕ್ಕದಲ್ಲಿ ಸುಮ್ಮನೆ ಇಟ್ಟ ಇನ್ನೊಂದರ ತಂತಿ ಯಾಕೆ ನಡುಗುತ್ತದೆ, ಬಸ್ಸು ಒಂದು ವೇಗಕ್ಕೆ ಬಂದಾಗ ಮಾತ್ರ ಕಿಟಕಿ ಯಾಕೆ ಗಡಗಡ ಎನ್ನುತ್ತದೆ, ಇಂಥದ್ದು. ನನಗೆ ಪ್ರಿಯವಾದ ವಿಷಯ. ಉಮೇದು ಬಂತು. ಕೊನೆಯಲ್ಲಿ ದನಿ ಇಳಿಸಿ, ಸ್ವಲ್ಪ ಗಾಂಭೀರ್ಯ ಬೆರೆಸಿ ಹೇಳಿದೆ: ‘ಪ್ರತಿಯೊಂದು ವಸ್ತುವಿಗೂ ಅದರದೇ ಆದ ಸ್ವರವಿದೆ. ನಮ್ಮ ಮೈಯೂ ಒಂದು ವಾದ್ಯವೇ. ಶ್ರುತಿ ತಪ್ಪಿದಾಗ ಅದನ್ನು ಮತ್ತೆ ಕೂಡಿಸಿಕೊಳ್ಳಬೇಕು.’

ಶಿವಸ್ವಾಮಿ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದರು. ನಾನೂ ಹಿಗ್ಗಿದೆ. ಮನೆಗೆ ಬರುವಾಗ ಆ ಸಾಲನ್ನು ಇನ್ನೆರಡು ಸಲ ನನಗೆ ನಾನೇ ಹೇಳಿಕೊಂಡೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅದಾಗಿ ಮೂರು ತಿಂಗಳಾಗಿರಬೇಕು. ಕೊಳ್ಳೇಗಾಲದ ಸಂತೆ ಬೀದಿಯಲ್ಲಿ ಸೊಪ್ಪು ಆರಿಸುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ದನಿಯಲ್ಲಿ ಮಾತಾಡಿದರು. ತಿರುಗಿದೆ. ನೆತ್ತಿಯ ಮೇಲೆ ಎರಡು ಕಹಳೆ ಕಟ್ಟಿಕೊಂಡ ಆಟೋ ಬರುತ್ತಿತ್ತು. ‘ನಮ್ಮ ಮೈಯೂ ಒಂದು ವಾದ್ಯವೇ’ ಎಂದು ನಾನು ಕಹಳೆಯೊಳಗಿಂದ ಹೇಳುತ್ತಿದ್ದೆ. ಹಿಂದೆಯೇ ಒಂದು ಗಂಡು ದನಿ ಬಂತು: ‘ಕೇಳಿದ್ರಲ್ಲಾ ಬಂಧುಗಳೇ? ಇದು ವಿಜ್ಞಾನಿಗಳ ಮಾತು! ಸಕ್ಕರೆ ಕಾಯಿಲೆಯೇ? ರಕ್ತದೊತ್ತಡವೇ? ಮಂಡಿ ನೋವೇ? ಗುಳಿಗೆ ಬಿಡಿ, ಶ್ರುತಿ ಕೂಡಿಸಿ! ಹಿಮಾಲಯದ ನಾದ ಪೆಟ್ಟಿಗೆ, ನಿಮ್ಮ ಊರಿಗೇ ಬರ್ತಾ ಇದೆ!’

ಕೈಯಲ್ಲಿದ್ದ ಸೊಪ್ಪಿನ ಕಟ್ಟು ಹಿಡಿದುಕೊಂಡೇ ಆಟೋದ ಹಿಂದೆ ಓಡಿದೆ. ಐವತ್ತೈದು ವರ್ಷದ ಲೆಕ್ಚರರು ಕೀರೆ ಸೊಪ್ಪು ಹಿಡಿದು ತನ್ನ ದನಿಯನ್ನೇ ಅಟ್ಟಿಸಿಕೊಂಡು ಓಡುವ ದೃಶ್ಯವನ್ನು ನೋಡಿ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಎದ್ದುನಿಂತು ನಮಸ್ಕಾರ ಮಾಡಿದರು. ಹಿಂದಿನಿಂದ ಸೊಪ್ಪಿನವಳು ಕೂಗುತ್ತಿದ್ದಳು. ಬಸ್ ನಿಲ್ದಾಣದ ತಿರುವಿನಲ್ಲಿ ಆಟೋ ಸಿಕ್ಕಿತು.

‘ನಿಲ್ಲಿಸ್ರೀ ಅದನ್ನ! ಅದು ನನ್ನ ದನಿ!’

ಡ್ರೈವರು ತಲೆ ಹೊರಗೆ ಹಾಕಿ ಹಲ್ಲು ಬಿಟ್ಟ. ‘ಓ, ನೀವೇನಾ ಅದು? ಸಕ್ಕತ್ತಾಗಿ ಅದೆ ಮೇಡಂ ವಾಯ್ಸು. ಅನೂರು, ಯಳಂದೂರು ಎಲ್ಲಾ ಕಡೆ ನಿಮ್ದೇ ಓಡ್ತಾ ಇರೋದು. ಒಂದು ಸೆಲ್ಫಿ?’

ಅವನಿಗೆ ಏನು ಬೈಯುವುದು? ಯಾರೋ ಕೊಟ್ಟ ಪೆನ್‌ಡ್ರೈವು ಹಾಕಿಕೊಂಡು ಊರೂರು ತಿರುಗುತ್ತಿದ್ದ, ಅಷ್ಟೇ.

ಸೀದಾ ಸ್ಟುಡಿಯೋಕ್ಕೆ ಹೋದೆ. ‘ನನ್ನ ಮಾತನ್ನು ಕತ್ತರಿಸಿ ಅಂಟಿಸಿದ್ದಾರೆ. ಮೂಲ ಧ್ವನಿಮುದ್ರಣ ತೆಗೀರಿ’ ಎಂದೆ. ಶಿವಸ್ವಾಮಿ ತೆಗೆದರು. ಇಬ್ಬರೂ ಕೂತು ಕೇಳಿದೆವು. ಕತ್ತರಿಸಿರಲಿಲ್ಲ. ಒಂದು ಪದ ಸೇರಿಸಿರಲಿಲ್ಲ, ಒಂದು ಪದ ಬಿಟ್ಟಿರಲಿಲ್ಲ. ಆಟೋದವರು ಹಾಕಿದ್ದು ಇದ್ದದ್ದು ಇದ್ದ ಹಾಗೆ ನನ್ನದೇ ಮೂರು ವಾಕ್ಯ.

‘ತಪ್ಪೇನಿದೆ ಮೇಡಂ ಇದರಲ್ಲಿ? ನೀವೇ ಹೇಳಿದ್ದಲ್ವಾ?’ ಎಂದರು ಶಿವಸ್ವಾಮಿ, ಮೆಲ್ಲಗೆ. ‘ಮೈ ವಾದ್ಯ ಅಲ್ಲ ರೀ! ಮಾತಿಗೆ ಹೇಳಿದೆ!’ ಎಂದೆ. ‘ಕೇಳೋರಿಗೆ ಅದು ಹೇಗೆ ಗೊತ್ತಾಗಬೇಕು?’ ಎಂದರು. ಆ ಕ್ಷಣ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಹಾಸಿಗೆ ಹೊಡೆದ ಗೋಡೆ ಇಲ್ಲದಿದ್ದರೆ ನನ್ನ ಕೂಗು ಬೀದಿಗೆ ಕೇಳುತ್ತಿತ್ತು. ದೂರು ಕೊಡಲು ಒಂದು ಕಚೇರಿಗೂ ಹೋದೆ. ಯಾವುದೆಂದು ಬೇಡ. ಅಲ್ಲಿದ್ದವರು ನನ್ನ ಅರ್ಜಿ ಓದಿ, ‘ದನಿ ನಿಮ್ಮದೇ ಅನ್ನೋದಕ್ಕೆ ದಾಖಲೆ?’ ಎಂದರು. ‘ಈಗ ಮಾತಾಡ್ತಾ ಇದೀನಲ್ಲ, ಕೇಳಿ’ ಎಂದೆ. ‘ಲಿಖಿತವಾಗಿ ಬೇಕು’ ಎಂದರು.

ಈ ಗದ್ದಲದಲ್ಲಿ ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಮಾದಯ್ಯನವರ ಫೋನು ನಾಲ್ಕು ವಾರದಿಂದ ಬಂದಿರಲಿಲ್ಲ.

ನಾನೇ ಮಾಡಿದೆ. ಅವರ ಹೆಂಡತಿ ನಂಜಮ್ಮ ಎತ್ತಿಕೊಂಡರು. ‘ಅವ್ರಿಗೆ ಕಾಲು ಸರಿ ಇಲ್ಲ ಕನವ್ವ. ಮನೀಕಂಡವ್ರೆ’ ಎಂದರು. ಆ ‘ಮನೀಕಂಡವ್ರೆ’ ಎನ್ನುವುದರಲ್ಲಿ ಏನೋ ಇತ್ತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಮಾಂಬಳ್ಳಿಗೆ ಹೋದೆ.

ಆರು ವರ್ಷ ಮಾತಾಡಿದ್ದರೂ ನಾನು ಮಾದಯ್ಯನವರನ್ನು ನೋಡಿದ್ದು ಅಂದೇ. ದನಿಯಿಂದ ಎತ್ತರದ ಮನುಷ್ಯ ಎಂದುಕೊಂಡಿದ್ದೆ. ಸಣಕಲು ದೇಹ, ದೊಡ್ಡ ಕಿವಿ. ಗೋಡೆಗೆ ಒರಗಿ ಕೂತಿದ್ದರು. ಬಲಗಾಲಿಗೆ ಬಟ್ಟೆ ಸುತ್ತಿತ್ತು. ಕೋಣೆಯಲ್ಲಿ ವಾಸನೆ. ಪಕ್ಕದಲ್ಲಿ ಹೊಳೆಯುವ ಮರದ ಪೆಟ್ಟಿಗೆ, ಅದರ ಮೇಲೆ ಹಿತ್ತಾಳೆ ತಗಡು. ಅದರಿಂದ ಬಂದ ವೈರು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಪೆಟ್ಟಿಗೆ ‘ಹೂಂ’ ಎಂದು ಒಂದೇ ಸಮನೆ ಗುನುಗುತ್ತಿತ್ತು.

‘ಬಂದ್ರಾ ಮೇಡಮ್ಮೋರೆ! ನಂಜಿ, ಚಾಪೆ ಆಕು. ನಮ್ ರೇಡಿಯೋ ಮೇಡಮ್ಮೋರು!’ ಎಂದು ಏಳಲು ಹೋದರು, ಆಗಲಿಲ್ಲ.

‘ಸಕ್ಕರೆ ಗುಳಿಗೆ ತಗೋತಾ ಇದ್ದೀರಾ?’ ಎಂದೆ.

‘ಅದ್ನ ನಿಲ್ಲಿಸ್ಬುಟ್ಟೆ. ಎರಡು ತಿಂಗ್ಳಾಯ್ತು.’

‘ಯಾಕೆ?’

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ತಮಾಷೆ ಮಾಡುತ್ತಿದ್ದೇನೋ ಎಂಬಂತೆ. ‘ನೀವೇ ಏಳಿದ್ರಲ್ಲ? ಮೈ ಒಂದು ವಾದ್ಯ, ಸುರುತಿ ಕೂಡಿಸ್ಕೋಬೇಕು ಅಂತ. ಬ್ಯಾರೆಯೋರು ಏಳಿದ್ರೆ ನಾನ್ ಕೇಳ್ತಿದ್ನಾ? ಆಟೋಲಿ ನಿಮ್ ದನಿ ಬಂದ್ಮೇಲೆ ಓಗಿ ತಕಬಂದಿ.’

ಆರು ವರ್ಷ, ಒಪ್ಪದಿದ್ದದ್ದನ್ನು ಒಪ್ಪದೆ ಮತ್ತೆ ಮತ್ತೆ ಕೇಳಿದ ಮನುಷ್ಯ, ಆ ಒಂದು ಸಲ ಕೇಳದೆ ಒಪ್ಪಿದ್ದರು. ನನ್ನ ಮೇಲೆ ಅಷ್ಟು ನಂಬಿಕೆ ಬಂದಿತ್ತು.

ನಂಜಮ್ಮ ಬಟ್ಟೆ ಬಿಚ್ಚಿ ತೋರಿಸಿದರು. ಎರಡು ಬೆರಳು ಕಪ್ಪಾಗಿದ್ದವು. ‘ಕಳೆ ಕೀಳಕ್ಕೋಗಿ ಮುಳ್ಳು ಚುಚ್ಚುಸ್ಕಂಡ್ರು. ಗುಳಿಗೆ ನುಂಗಿ ಅಂದ್ರೆ ನನ್ಗೇ ಬೈದ್ರು. ನೀವಾರೂ ಏಳ್ರವ್ವ’ ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು. ಪೆಟ್ಟಿಗೆಯ ‘ಹೂಂ’ ತಟ್ಟನೆ ನಿಂತಿತು. ಆ ಸದ್ದು ನಿಂತಾಗಲೇ ನನ್ನ ಹಳೆಯ ಕಿವಿ ಅದನ್ನು ಎಲ್ಲೋ ಕೇಳಿದ ಶ್ರುತಿಯೆಂದು ಗುರುತಿಸಿದ್ದು. ಆದರೆ ಅದನ್ನು ಯೋಚಿಸುವ ಸಮಯವಲ್ಲ. ಪಕ್ಕದ ಮನೆಯವರ ಗಾಡಿಯಲ್ಲಿ ಮಾದಯ್ಯನವರನ್ನು ಯಳಂದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಎರಡು ಬೆರಳು ತೆಗೆದರು. ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮಂಡಿಯ ತನಕ ಹೋಗುತ್ತಿತ್ತು ಎಂದರು ಡಾಕ್ಟರು.

ಮಂಚದ ಪಕ್ಕ ಕೂತಿದ್ದಾಗ ಮಾದಯ್ಯ ನನ್ನ ಮೇಲೆ ರೇಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ರೇಗಲಿಲ್ಲ. ‘ನಾನೇ ಸರಿಯಾಗಿ ಕೇಳುಸ್ಕಳ್ಲಿಲ್ಲ ಅನ್ಸುತ್ತೆ ಬುಡಿ. ನೀವು ಪಿಟೀಲ್ ವಿಚಾರ ಏಳ್ತಿದ್ರಿ’ ಎಂದರು. ನನ್ನ ತಪ್ಪನ್ನು ತಮ್ಮ ಕಿವಿಯ ಮೇಲೆ ಹಾಕಿಕೊಂಡರು.

ಮನೆಗೆ ಬರುವ ದಾರಿಯಲ್ಲಿ, ಬಸ್ಸಿಗೆ ಕಾಯುತ್ತ ಒಂದು ಟ್ರಾನ್ಸ್‌ಫಾರ್ಮರಿನ ಕಂಬದ ಹತ್ತಿರ ನಿಂತಿದ್ದೆ. ತಲೆಯ ಮೇಲೆ ಅದು ‘ಹೂಂ’ ಎನ್ನುತ್ತಿತ್ತು. ಅದೇ ಶ್ರುತಿ. ಕೂದಲೆಳೆಯ ವ್ಯತ್ಯಾಸವಿಲ್ಲ. ನಮ್ಮ ದೇಶದ ಕರೆಂಟಿಗೆ ಕಟ್ಟಿದ ಯಾವ ಟ್ರಾನ್ಸ್‌ಫಾರ್ಮರು ಗುನುಗಿದರೂ ಸೆಕೆಂಡಿಗೆ ನೂರು ಸಲವೇ ನಡುಗುತ್ತದೆ. ಹಿಮಾಲಯದ ಗುಹೆಯಿಂದ ತಂದ ನಾದ ಎಂದು ಮಾರುತ್ತಿದ್ದದ್ದು ಬೀದಿ ಕಂಬದ ಗುನುಗನ್ನು! ಪೆಟ್ಟಿಗೆಯ ಒಳಗೆ ಒಂದು ಅಗ್ಗದ ಪುಟ್ಟ ಟ್ರಾನ್ಸ್‌ಫಾರ್ಮರು ಬಿಟ್ಟರೆ ಬೇರೇನೂ ಇರಲಾರದು.

ಅಟ್ಟ ಹತ್ತಿದೆ. ಪಿಟೀಲು ಇಳಿಸಿದೆ. ಎರಡು ತಂತಿ ಹರಿದುಹೋಗಿದ್ದವು, ಬಿಲ್ಲಿನ ಕೂದಲಿಗೆ ಹುಳ ಹಿಡಿದಿತ್ತು. ಮೈಸೂರಿಗೆ ಹೋಗಿ ಸರಿಮಾಡಿಸಿಕೊಂಡು ಬಂದೆ. ಆ ಭಾನುವಾರ ಕುಂತೂರಿನಲ್ಲಿ ನಾದ ಪೆಟ್ಟಿಗೆಯ ಶಿಬಿರವಿತ್ತು.

ಕಬ್ಬಿನ ಕಾಲ. ರಸ್ತೆ ತುಂಬ ಟ್ರ್ಯಾಕ್ಟರುಗಳು. ಸಮುದಾಯ ಭವನದೊಳಗೆ ಜನ ಚಾಪೆಯ ಮೇಲೆ ಕಣ್ಣುಮುಚ್ಚಿ ಕೂತಿದ್ದರು, ಮುಂದೆ ಸಾಲಾಗಿ ಪೆಟ್ಟಿಗೆಗಳು ಹೂಂಗುಟ್ಟುತ್ತಿದ್ದವು. ವೇದಿಕೆಯ ಮೇಲೆ ಬಿಳಿ ಜುಬ್ಬದವನೊಬ್ಬ ಇದ್ದ. ಆಟೋದಲ್ಲಿ ಕೇಳಿದ ಗಂಡು ದನಿ ಅವನದೇ. ನಾನು ನನ್ನ ಹೆಸರು ಹೇಳಿದ್ದೇ ತಡ, ಅವನ ಮುಖ ಅರಳಿತು.

‘ಬಂಧುಗಳೇ! ಕಣ್ಣು ಬಿಡಿ! ಯಾರು ಬಂದಿದ್ದಾರೆ ನೋಡಿ! ಸಾಕ್ಷಾತ್ ವಿಜ್ಞಾನಿಗಳು!’

ನಾನು ಬಾಯಿ ತೆರೆಯುವ ಮೊದಲೇ ಕೊರಳಿಗೆ ಸುಗಂಧರಾಜದ ಹಾರ ಬಿತ್ತು. ಜೀವಮಾನದಲ್ಲಿ ನನಗೆ ಬಿದ್ದ ಮೊದಲನೆಯ ಹಾರ. ನನ್ನ ಸ್ವಂತ ಕಾಲೇಜು ಇಪ್ಪತ್ತೇಳು ವರ್ಷದಲ್ಲಿ ಒಂದು ಗುಲಾಬಿಯನ್ನೂ ಕೊಟ್ಟಿರಲಿಲ್ಲ. ಹಾರ ತೆಗೆದು ಕುರ್ಚಿಯ ಮೇಲೆ ಇಟ್ಟೆ. ಅವನ ಕೈಯಿಂದ ಮೈಕು ತೆಗೆದುಕೊಂಡೆ.

‘ನಿಮ್ಮ ಪೆಟ್ಟಿಗೆ ಎಲ್ಲಾ ಆಫ್ ಮಾಡಿ, ಒಂದೇ ಒಂದು ಇಟ್ಕೊಳ್ಳಿ’ ಎಂದೆ. ಮೈಕನ್ನು ಆ ಒಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದೆ. ನನ್ನ ಪಿಟೀಲಿನ ಕೆಳಗಿನ ತಂತಿಯನ್ನು ಅದರ ಮೇಲಿನ ಸ್ಥಾಯಿಗೆ ಹತ್ತಿರ ತಂದು ಬಿಲ್ಲು ಎಳೆದೆ. ಮೂವತ್ತು ವರ್ಷದ ಮೇಲೆ ಸಭೆಯ ಮುಂದೆ ಬಿಲ್ಲು ಹಿಡಿದಿದ್ದೆ. ಮೊದಲ ಎಳೆತಕ್ಕೆ ಬಾಗಿಲ ಕೀಲಿನಂಥ ಸದ್ದು ಬಂತು. ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗು ಬಾಯಿಗಿಟ್ಟು ನಕ್ಕರು. ಎರಡನೆಯ ಎಳೆತಕ್ಕೆ ಸ್ವರ ನೆಟ್ಟಗೆ ನಿಂತಿತು. ಎರಡು ಸ್ವರ ಹತ್ತಿರ ಹತ್ತಿರ ಬಂದಾಗ ‘ವಂವ್ ವಂವ್’ ಎಂದು ಒಂದು ಅಲೆ ಏಳುತ್ತದೆ. ಅದು ಭವನಕ್ಕೆಲ್ಲ ಕೇಳಿತು. ಬಿರಡೆ ತಿರುಗಿಸಿದೆ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಪಿಟೀಲು, ಪೆಟ್ಟಿಗೆ ಎರಡೂ ಒಂದೇ ಆದವು.

‘ಈ ಸ್ವರ ನೆನಪಿಟ್ಕೊಳ್ಳಿ. ಈಗ ಎಲ್ಲಾರೂ ನನ್ನ ಜೊತೆ ಆಚೆ ಬನ್ನಿ’ ಎಂದೆ.

ಭವನದ ಗೇಟಿನ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರು. ಅದರ ಬೇಲಿಯ ಹೊರಗೆ ನಿಂತು ಅದೇ ತಂತಿಯ ಮೇಲೆ ಬಿಲ್ಲೆಳೆದೆ. ಅಲೆ ಏಳಲಿಲ್ಲ. ಕೂಡಿಕೊಂಡಿತು. ಜನ ಒಮ್ಮೆ ಮೇಲೆ ನೋಡಿದರು, ಒಮ್ಮೆ ಪಿಟೀಲನ್ನು ನೋಡಿದರು. ನಕ್ಕಿದ್ದ ಆ ಹೆಂಗಸೇ ಮೊದಲು ಮಾತಾಡಿದ್ದು. ‘ಅಂಗಾರೆ ಈ ಕಂಬದ ಬುಡ್ದಲ್ಲಿ ಕುಂತ್ರೂ ಸುಗರ್ ವಾಸಿಯಾದ್ದಾ?’

ಎಲ್ಲರೂ ಗೊಳ್ಳೆಂದರು. ನನಗೆ ನಗು ಬರಲಿಲ್ಲ. ಹೆಸರು ಹೇಳದೆ, ಒಬ್ಬರು ಗುಳಿಗೆ ಬಿಟ್ಟದ್ದು, ಬೆರಳು ಕಳೆದುಕೊಂಡದ್ದು ಹೇಳಿದೆ. ‘ಅವರು ಈ ಪೆಟ್ಟಿಗೆ ತಂದದ್ದು ನನ್ನ ದನಿ ಕೇಳಿ. ಆಟೋದಲ್ಲಿ ಬಂದದ್ದು ನನ್ನ ಮಾತೇ. ಆದರೆ ಆ ಮಾತು ಸುಳ್ಳು. ಚೆಂದಕ್ಕೆ ಆಡಿದ್ದು’ ಎಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದ ಕತೆಯಾಗುತ್ತಿತ್ತು. ಆದರೆ ಬಿಳಿ ಜುಬ್ಬದವನು ಸಾಮಾನ್ಯನಲ್ಲ. ಗಂಟಲು ಸರಿಮಾಡಿಕೊಂಡು, ‘ನೋಡಿದಿರಾ ಬಂಧುಗಳೇ! ವಿದ್ಯುತ್ತಿನಲ್ಲೂ ಹಿಮಾಲಯದ ನಾದವೇ ಇದೆ ಅಂತ ಮೇಡಂ ಸಾಬೀತು ಮಾಡಿದರು!’ ಎಂದ. ಬಹುಮಂದಿ ‘ತಗಿ ತಗಿ’ ಎಂದು ಕೈಬೀಸಿ ಮನೆಗೆ ನಡೆದರು. ಕೆಲವರು ಅವನನ್ನು ಸುತ್ತುವರಿದು ‘ವಾಪಸ್ ತಕಳಯ್ಯ ನಿನ್ ಪೆಟ್ಟಿಗೆ’ ಎಂದು ಹಿಡಿದುಕೊಂಡರು. ಆದರೂ ನನ್ನ ಕಣ್ಣ ಮುಂದೆಯೇ ಮುದುಕ ಮುದುಕಿ ಇಬ್ಬರು ಹೊಸ ಪೆಟ್ಟಿಗೆಯೊಂದನ್ನು ಮಗುವಿನಂತೆ ಅವುಚಿಕೊಂಡು ಹೋದರು. ಹಿಂದೆ ಓಡಿದೆ. ‘ಬುಡವ್ವ, ಗುಳಿಗೆನೂ ನುಂಗ್ತೀವಿ, ಇದ್ನೂ ಕೇಳ್ತೀವಿ. ನಿದ್ದೆ ಬತ್ತದೆ’ ಎಂದಳು ಮುದುಕಿ. ಇನ್ನೊಬ್ಬ ಯುವಕ ಹತ್ತಿರ ಬಂದು, ‘ಮೇಡಂ, ಎಂಗೂ ತಂದಿದ್ದೀರ, ಒಂದು ಸಿನಿಮಾ ಹಾಡು ಬಾರ್ಸಿ’ ಎಂದ. ಅವನ ಮೇಲೆ ಪಿಟೀಲು ಎಸೆಯದಿದ್ದುದು ನನ್ನ ದೊಡ್ಡತನ.

ಆಟೋ ಕೊಳ್ಳೇಗಾಲದ ಕಡೆ ಮತ್ತೆ ಬರಲಿಲ್ಲ. ಹನೂರಿನ ಆಚೆ, ಗಡಿಯ ಹಳ್ಳಿಗಳಲ್ಲಿ ತಮಿಳಿನಲ್ಲಿ ಓಡುತ್ತಿದೆಯಂತೆ. ಈಗ ಬೇರೆ ಯಾರದೋ ದನಿ.

ನನಗೆ ಉಳಿದದ್ದು ಬುಧವಾರ. ‘ಕ್ಷಮೆ ಗಿಮೆ ಕೇಳ್ಬೇಡಿ ಮೇಡಂ, ನಮ್ಮ ರೇಡಿಯೋ ಸುಳ್ಳು ಹೇಳುತ್ತೆ ಅಂತಾಗುತ್ತೆ’ ಎಂದು ಶಿವಸ್ವಾಮಿ ಬಾಗಿಲಲ್ಲೇ ಅಡ್ಡ ನಿಂತರು. ‘ಸುಳ್ಳು ಹೇಳಿದೆಯಲ್ಲ, ಅದಕ್ಕೇ’ ಎಂದು ಒಳಗೆ ಹೋದೆ. ನಮ್ಮ ಮೈ ವಾದ್ಯವಲ್ಲ ಎಂದೆ. ತಂತಿಯ ವಿಷಯ ಹೇಳಿದ್ದು ನಿಜ, ಕಿಟಕಿಯ ವಿಷಯ ಹೇಳಿದ್ದು ನಿಜ, ಕೊನೆಯ ಮೂರು ವಾಕ್ಯವನ್ನು ಕೇಳಲು ಚೆನ್ನಾಗಿರುತ್ತದೆಂದು ಹೇಳಿದೆ, ಅದರಿಂದ ಒಬ್ಬರ ಮೈಗೆ ಹಾನಿಯಾಯಿತು ಎಂದೆ. ಸಕ್ಕರೆ ಗುಳಿಗೆಯನ್ನು ಡಾಕ್ಟರು ಹೇಳದೆ ಬಿಡಬೇಡಿ ಎಂದೆ. ಹೇಳಿ ಮುಗಿಸಲು ಮೂರು ನಿಮಿಷ ಸಾಕಾಯಿತು. ಆಮೇಲೆ ಫೋನು ಬರಲಿಲ್ಲ. ಒಂದೂ ಬರಲಿಲ್ಲ. ಶಿವಸ್ವಾಮಿ ಗಾಜಿನ ಆಚೆಯಿಂದ ‘ಹಾಡು ಹಾಕ್ಲಾ?’ ಎಂದು ಸನ್ನೆ ಮಾಡಿದರು. ಬೇಡವೆಂದು ತಲೆಯಾಡಿಸಿದೆ. ಮುಂದಿನ ವಾರವೂ ಒಂದೆರಡೇ ಫೋನು. ನನ್ನ ಕಾರ್ಯಕ್ರಮ ಮುಗಿಯಿತು ಎಂದುಕೊಂಡೆ. ಒಂದು ಸುಳ್ಳನ್ನು ಊರೂರು ಹೊತ್ತು ತಿರುಗಿದ ಜನ, ಒಂದು ನಿಜ ಹೇಳಿದ್ದಕ್ಕೆ ಹೀಗೆ ಮಾಡಬಹುದೇ ಎಂದು ಉರಿದುಕೊಂಡೆ. ಯಾರ ಮೇಲೆ ಉರಿಯುತ್ತಿದ್ದೇನೆ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ.

ಮೂರನೆಯ ಬುಧವಾರ ಫೋನಿನ ಕೆಂಪು ದೀಪ ಹತ್ತಿತು. ಎತ್ತಿದೆ.

‘ಮೇಡಮ್ಮೋರೆ, ಮಾಂಬಳ್ಳಿ ಮಾದಯ್ಯ. ಕೇಳುಸ್ತಾ ಅದಾ?’

‘ಕೇಳಿಸ್ತಾ ಇದೆ, ಹೇಳಿ’ ಎಂದೆ.

‘ಒಂದು ಕೇಳ್ಬೇಕು. ನನ್ ಕಾಲ್ದು ಎಲ್ಡು ಬೆರಳು ಕುಯ್ದಾಕ್ಬುಟ್ರಲ್ಲ. ಇಲ್ಲ ಈಗ ಅವು. ಕಣ್ಣಾರ ನೋಡಿವ್ನಿ, ಇಲ್ಲ. ಆದ್ರೂ ಆ ಇಲ್ದಿರೋ ಬೆರಳು ಕೆರೀತದೆ. ಕೆರ್ಕೊಳ್ಳವ ಅಂತ ಕೈ ಆಕುದ್ರೆ ಬರೀ ಗಾಳಿ. ಯಾಕ್ ಇಂಗೆ?’

ನರ, ಮಿದುಳು ಎಂದು ಏನಾದರೂ ಹೇಳಬಹುದಿತ್ತು. ಎಲ್ಲೋ ಒಂದಿಷ್ಟು ಓದಿದ್ದೆ. ಚೆಂದದ ಒಂದು ವಾಕ್ಯವೂ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

‘ನನಗೆ ಸರಿಯಾಗಿ ಗೊತ್ತಿಲ್ಲ ಮಾದಯ್ಯನೋರೆ. ಗೊತ್ತಿರೋ ಡಾಕ್ಟರನ್ನ ಕೇಳಿಕೊಂಡು ಬಂದು ಹೇಳ್ತೀನಿ.’

ಆ ಕಡೆ ಗದ್ದೆಯ ನೀರು ಹರಿಯುವ ಸದ್ದು ಕೇಳುತ್ತಿತ್ತು.

‘ಸರಿ, ಒಪ್ದಿ’ ಎಂದರು.